ಬಿಲ್ಲಿನ ಋತುವೂ ಬಾಣಕೋವಿಯೂ

ಅಮೆರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ ಕಾಡುಮೃಗವು ಯಾವ ಜಮೀನುದಾರನ ಸ್ವತ್ತೂ ಅಲ್ಲ; ಅದು ಪ್ರಜೆಗಳೆಲ್ಲರದು, ಆಯಾ ಸಂಸ್ಥಾನದ ಸರ್ಕಾರವು ಅದರ ನ್ಯಾಸಧಾರಿ ಮಾತ್ರ ಎಂಬುದು ಅಲ್ಲಿನ ಕಾನೂನಿನ ಮೂಲತತ್ತ್ವ. ಆದುದರಿಂದ ಯಾವ ಮೃಗವನ್ನು, ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಸಂಖ್ಯೆಯಲ್ಲಿ, ಯಾವ ಆಯುಧದಿಂದ ಕೊಲ್ಲಬಹುದೆಂಬುದನ್ನು ಸಂಸ್ಥಾನವೇ ಗೊತ್ತುಮಾಡುತ್ತದೆ. ಈ ಅವಧಿಗೆ ಬೇಟೆಯ ಋತುವೆಂದು ಹೆಸರು. ಕೋವಿಗೆ ಒಂದು ಋತು. ಬಿಲ್ಲಿಗೆ ಬೇರೊಂದು ಋತು. ವಿಸ್ಕಾನ್ಸಿನ್ ಸಂಸ್ಥಾನವನ್ನು ನೋಡಿದರೆ, ಜಿಂಕೆಗಳ ಮುಖ್ಯ ಕೋವಿ ಋತುವು ನವೆಂಬರಿನಲ್ಲಿ ಕೇವಲ ೯ ದಿನ. ಬಿಲ್ಲಿನ ಋತುವಾದರೋ ಸೆಪ್ಟೆಂಬರಿನ ನಡುವಿನಿಂದ ಜನವರಿಯ ಮೊದಲವರೆಗೆ ಹಬ್ಬಿದೆ. ಗಂಡುಜಿಂಕೆಗಳು ಮದವೇರಿ ಎಚ್ಚರಗೆಟ್ಟು ತಿರುಗುವ ದಿನಗಳಲ್ಲಿ ಹೆಚ್ಚಿನವು ಬಿಲ್ಲುಗಾರನ ಪಾಲಿಗೇ ಬಂದಿವೆ. ಇಷ್ಟು ಉದಾರವಾದ ಪಾಲು ಅವನಿಗೆ ಏಕೆ ಸಂದಿತು, ಅದರಲ್ಲಿ ಇನ್ನು ಯಾರಿಗೆ ಭಾಗವುಂಟು ಎಂಬುದೇ ಈಗ ಆ ದೇಶದ ಬೇಟೆಗಾರರಲ್ಲಿ ಎದ್ದಿರುವ ವಿವಾದದ ಬೇರು.

ವಿವಾದಕ್ಕೆ ಕಾರಣವಾದ ವಸ್ತುವು ೨೦೧೬ರಲ್ಲಿ ಮಾರಾಟಕ್ಕೆ ಬಂದಿತು. ಗಾಳಿಕೋವಿಗಳ ತಯಾರಿಕೆಯಲ್ಲಿ ಹಳೆಯ ಹೆಸರಾದ ಕ್ರಾಸ್‌ಮನ್ ಸಂಸ್ಥೆಯವರು ಬೆಂಜಮಿನ್ ಎಂಬ ಮುದ್ರೆಯಲ್ಲಿ ‘ಪಯೊನೀರ್ ಏರ್‌ಬೋ’ ಎಂಬ ಆಯುಧವನ್ನು ಹೊರಡಿಸಿದರು. ಹೆಸರಿನಲ್ಲಿ ಬಿಲ್ಲು ಉಂಟು; ವಸ್ತುವಿನಲ್ಲಿ ಇಲ್ಲ. ಹೆದೆಯಿಲ್ಲ, ಬಾಗುವ ತೋಳುಗಳಿಲ್ಲ. ಕೋವಿಯಂತೆ ಹಿಡಿ, ಕೋವಿಯಂತೆ ಕುದುರೆ, ಮೇಲೆ ಗುರಿನೋಡುವ ದುರ್ಬೀನು. ಒಳಗಿನ ಕೊಳವೆಯಲ್ಲಿ ಚದರ ಅಂಗುಲಕ್ಕೆ ೩೦೦೦ ಪೌಂಡಿನ ಒತ್ತಡದಲ್ಲಿ ಗಾಳಿಯನ್ನು ತುಂಬಿರುತ್ತಾರೆ. ಟೊಳ್ಳಾದ ಬಾಣವನ್ನು ನಳಿಗೆಯ ಒಳಗಲ್ಲ, ನಳಿಗೆಯ ಮೇಲೆ ಒರೆಯಂತೆ ತೊಡಿಸುತ್ತಾರೆ. ಕುದುರೆ ಎಳೆದೊಡನೆ ಗಾಳಿಯು ಬಾಣದ ಹೊಟ್ಟೆಯೊಳಗೆ ನುಗ್ಗಿ, ಅಲಗಿನ ಬುಡಕ್ಕೆ ಒತ್ತಿ, ಅದನ್ನು ಸೆಕೆಂಡಿಗೆ ೪೫೦ ಅಡಿಯ ವೇಗದಲ್ಲಿ ಎಸೆಯುತ್ತದೆ. ಒಂದು ಸಲ ತುಂಬಿದ ಗಾಳಿಯು ೮ ಬಾಣಗಳಿಗೆ ಸಾಕು. ತರುವಾಯ ಬೇರೆ ಸಂಸ್ಥೆಗಳೂ ಇಂಥವನ್ನು ಮಾಡಿದವು. ಇವಕ್ಕೆ ಕನ್ನಡದಲ್ಲಿ ಬಾಣಕೋವಿಯೆಂದರೆ ಅರ್ಥಕ್ಕೆ ಲೋಪವಾಗದು. ಹಾರುವುದು ಬಾಣವೇ, ಕೊಲ್ಲುವುದು ಅದೇ ಅಗಲವಾದ ಅಲಗೇ. ಹಾಗಿರುವಾಗ ಬಿಲ್ಲಿನ ಋತುವಿನಲ್ಲಿ ಇದಕ್ಕೇಕೆ ಎಡೆಯಿಲ್ಲವೆಂದು ಒಂದು ಪಕ್ಷದವರು ಕೇಳುತ್ತಾರೆ. ಇದು ಕೋವಿಯೇ ಹೊರತು ಬಿಲ್ಲಲ್ಲವೆಂದು ಮತ್ತೊಂದು ಪಕ್ಷದವರು ಹೇಳುತ್ತಾರೆ.

ತೀರ್ಪು ಹೇಳುವ ಮೊದಲು, ಬಿಲ್ಲಿಗೆ ಆ ದೇಶದಲ್ಲಿ ಪ್ರತ್ಯೇಕವಾದ ಋತುವು ಹೇಗೆ ದೊರೆಯಿತೆಂಬ ಕಥೆಯನ್ನು ತಿಳಿಯಬೇಕು.

ಮೂಲನಿವಾಸಿಗಳ ಬಿಲ್ಲು ಎಷ್ಟೋ ಸಾವಿರ ವರ್ಷಗಳದು. ಬಿಳಿಯರಲ್ಲಿ ಬಿಲ್ಲುಬೇಟೆಯ ಪುನರುಜ್ಜೀವನವಾದುದು ಅಲ್ಲಿನ ಅಂತರ್ಯುದ್ಧದ ಬಳಿಕ. ದಕ್ಷಿಣ ಪಕ್ಷದಲ್ಲಿ ಹೋರಾಡಿ ಸೋತು ಬಂದ ಮಾರಿಸ್ ಥಾಂಪ್ಸನ್ ಮತ್ತು ವಿಲ್ ಥಾಂಪ್ಸನ್ ಎಂಬ ಸೋದರರಿಗೆ ಬಂದೂಕವಿಟ್ಟುಕೊಳ್ಳುವುದು ನಿಷಿದ್ಧವಾಗಿತ್ತೆಂದೂ, ಅದಕ್ಕಾಗಿಯೇ ಅವರು ಬಿಲ್ಲು ಹಿಡಿದರೆಂದೂ ಬಿಲ್ಲುಗಾರರ ಇತಿಹಾಸಗಳು ಹೇಳುತ್ತವೆ. ೧೮೭೮ರಲ್ಲಿ ಮಾರಿಸನು ಬಿಲ್ವಿದ್ಯೆಯ ಮೋಹಕತೆಯನ್ನು ಕುರಿತು ಬರೆದ ಗ್ರಂಥವು ಮನೆಮನೆಗೂ ಬಿಲ್ಲನ್ನು ತಂದಿತು. ಮರುವರ್ಷ ಇಂಡಿಯಾನಾ ಸಂಸ್ಥಾನದ ಕ್ರಾಫರ್ಡ್ಸ್‌ವಿಲ್ ಊರಿನಲ್ಲಿ ರಾಷ್ಟ್ರೀಯ ಬಿಲ್ಲುಗಾರರ ಸಂಘವು ಹುಟ್ಟಿತು. ಮಾರಿಸನೇ ಅದರ ಮೊದಲ ಅಧ್ಯಕ್ಷ. ಆದರೆ ಅದು ಬಹುಮಟ್ಟಿಗೆ ಹುಲ್ಲುಹಾಸಿನ ಮೇಲಣ ಗುರಿಯಾಟವಾಗಿಯೇ ಉಳಿಯಿತು.

ಬಿಲ್ಲನ್ನು ಮರಳಿ ಕಾಡಿಗೆ ಕರೆದೊಯ್ದವನು ಒಬ್ಬ ಅನಾಥ. ೧೯೧೧ರ ಆಗಸ್ಟ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಪಟ್ಟಣದ ಅಂಚಿನಲ್ಲಿ ಹಸಿದು ಸೊರಗಿದ ಮಧ್ಯವಯಸ್ಸಿನ ಒಬ್ಬ ಮೂಲನಿವಾಸಿ ಸಿಕ್ಕಿದನು. ಯಾಹಿ ಎಂಬ ಅವನ ಕುಲವನ್ನು ಬಿಳಿಯರು ಬೇಟೆಯಾಡಿಯೇ ಮುಗಿಸಿದ್ದರು, ಉಳಿದವನು ಅವನೊಬ್ಬನೇ. ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು ಅವನ ಕುಲಾಚಾರಕ್ಕೆ ವಿರುದ್ಧ. ಹೇಳಬಲ್ಲ ಬೇರೆ ಯಾರೂ ಬದುಕಿರಲಿಲ್ಲ. ಆದುದರಿಂದ ಮಾನವಶಾಸ್ತ್ರಜ್ಞ ಕ್ರೋಬರನು ಅವನನ್ನು ‘ಇಶಿ’ ಎಂದು ಕರೆದನು. ಆ ಭಾಷೆಯಲ್ಲಿ ಅದಕ್ಕೆ ಮನುಷ್ಯನೆಂದಷ್ಟೇ ಅರ್ಥ. ಸ್ಯಾನ್‌ಫ್ರಾನ್ಸಿಸ್ಕೊ ನಗರದ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದಲ್ಲಿ ಅವನು ತನ್ನ ಕೊನೆಯ ವರ್ಷಗಳನ್ನು ಕಳೆದನು. ಅಲ್ಲಿನ ವೈದ್ಯವಿದ್ಯಾಲಯದ ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪನು ಅವನಿಗೆ ಚಿಕಿತ್ಸಕನೂ ಮಿತ್ರನೂ ಆಗಿ, ಕಡೆಗೆ ಶಿಷ್ಯನೂ ಆದನು. ಇಶಿಯು ಬಿಲ್ಲು ಕೆತ್ತುವ ಬಗೆಯನ್ನು, ಅದರ ಬೆನ್ನಿಗೆ ಮೃಗದ ನರವನ್ನು ಅಂಟಿಸುವ ಬಗೆಯನ್ನು, ಬಾಣಕ್ಕೆ ಗರಿ ಕಟ್ಟುವುದನ್ನು ಅವನಿಗೆ ತೋರಿಸಿದನು. ಆದರೆ ಬಿಲ್ಲಿನ ಬಲಕ್ಕಿಂತ ಮುಖ್ಯವಾದ ಪಾಠ ಬೇರೆಯಿತ್ತು. ಇಶಿಯು ದೂರಕ್ಕೆ ಹೊಡೆಯುತ್ತಿರಲಿಲ್ಲ. ಗಾಳಿಯ ದಿಕ್ಕನ್ನು ನೋಡಿ, ಮರೆಯಲ್ಲಿ ಕುಕ್ಕರಿಸಿ, ಬೆರಳನ್ನು ತುಟಿಗೊತ್ತಿ ಮರಿಯ ನೋವಿನ ಕೂಗಿನಂಥ ದನಿ ಮಾಡಿ ಮೊಲವನ್ನು ತಾನಿದ್ದಲ್ಲಿಗೇ ಬರಮಾಡುತ್ತಿದ್ದನು. ಕೆಲವೇ ಮಾರುಗಳ ಅಳವಿಗೆ ಬಂದ ಮೇಲೆಯೇ ಬಾಣವನ್ನು ಬಿಡುತ್ತಿದ್ದನು. ಬಿಲ್ಲುಬೇಟೆಯೆಂದರೆ ಸಮೀಪಿಸುವ ವಿದ್ಯೆ ಎಂಬುದನ್ನು ಅಮೆರಿಕಾ ಕಲಿತದ್ದು ಈ ಗುರುವಿನಿಂದ. ೧೯೧೬ರ ಮಾರ್ಚಿಯಲ್ಲಿ ಅವನು ಕ್ಷಯದಿಂದ ತೀರಿಕೊಂಡನು.

ಪೋಪನು ತನ್ನ ಗೆಳೆಯ ಆರ್ಥರ್ ಯಂಗನೊಡನೆ ೧೯೨೦ರಲ್ಲಿ ಯೆಲ್ಲೊಸ್ಟೋನ್ ಪ್ರಾಂತದಲ್ಲಿ ಬಿಲ್ಲಿನಿಂದಲೇ ದೊಡ್ಡ ಕರಡಿಗಳನ್ನು ಬೇಟೆಯಾಡಿದನು. ೧೯೨೩ರಲ್ಲಿ ಬಿಲ್ಲುಬೇಟೆಯ ಗ್ರಂಥವನ್ನು ಪ್ರಕಟಿಸಿದನು. ಅದನ್ನೋದಿದ ತರುಣರು ಊರೂರಿನಲ್ಲಿ ಬಿಲ್ಲು ಕೆತ್ತಿದರು. ಅವರಿಗಿದ್ದ ತೊಡಕು ಒಂದೇ: ಕೋವಿಗಾರರು ಸಾವಿರಗಟ್ಟಲೆಯಾಗಿ ಕಾಡಿಗೆ ನುಗ್ಗಿ, ಗುಂಡಿನ ಸದ್ದಿಗೆ ಮೃಗಗಳೆಲ್ಲ ಬೆದರಿ ಓಡುವ ದಿನಗಳಲ್ಲಿ ೨೦ ಗಜದ ಅಳವಿಗೆ ಜಿಂಕೆಯನ್ನು ತರುವುದು ಹೇಗೆ?

ವಿಸ್ಕಾನ್ಸಿನ್ನಿನ ರೇಸಿನ್ ಊರಿನ ರಾಯ್ ಕೇಸ್ ಎಂಬವನು ೧೯೩೦ರಲ್ಲಿ ಕಾನೂನಿನ ಸಮ್ಮತಿಯಿಂದಲೇ ಬಿಲ್ಲಿನಲ್ಲಿ ಒಂದು ಜಿಂಕೆಯನ್ನು ಕೆಡವಿದನು. ೧೯೩೪ರಲ್ಲಿ ಆ ಸಂಸ್ಥಾನವು ಕೊಲಂಬಿಯಾ ಮತ್ತು ಸಾಕ್ ಎಂಬ ಎರಡು ಜಿಲ್ಲೆಗಳಲ್ಲಿ ಬಿಲ್ಲಿಗೆ ಮಾತ್ರವೇ ಸಲ್ಲುವ ಋತುವನ್ನು ಏರ್ಪಡಿಸಿತು. ಆ ವರ್ಷ ಬಿಲ್ಲುಗಾರರೆಲ್ಲರೂ ಕೂಡಿ ಕೊಂದ ಜಿಂಕೆಗಳ ಸಂಖ್ಯೆ ಒಂದು. ಈ ಒಂದು ಎಂಬ ಅಂಕೆಯನ್ನು ಮರೆಯಬಾರದು. ಮೃಗಸಂಪತ್ತು ಬಹಳ ಕ್ಷೀಣಿಸಿದ್ದ ಆ ಕಾಲದಲ್ಲಿ ಸರ್ಕಾರವು ಇಂಥ ಋತುವನ್ನು ಕೊಡಲು ಒಪ್ಪಿದ್ದು ಬಾಣದ ಮೇಲಣ ಪ್ರೀತಿಯಿಂದಲ್ಲ. ಈ ಆಯುಧವನ್ನು ಹಿಡಿದವನು ಬಹುತೇಕ ಬರಿಗೈಯಲ್ಲೇ ಹಿಂದಿರುಗುವನೆಂಬ ಭರವಸೆಯಿಂದ. ಬಿಲ್ಲಿನ ದೌರ್ಬಲ್ಯವೇ ಬಿಲ್ಲಿನ ಸನ್ನದು.

ಆಗ ಅದೇ ಸಂಸ್ಥಾನದ ವಿಶ್ವವಿದ್ಯಾನಿಲಯದಲ್ಲಿ ಮೃಗಪಾಲನಶಾಸ್ತ್ರದ ಆಚಾರ್ಯನಾಗಿದ್ದ ಆಲ್ಡೊ ಲಿಯೊಪೋಲ್ಡನು ತಾನೇ ಬಿಲ್ಲುಗಾರ, ತನ್ನ ಬಿಲ್ಲನ್ನು ತಾನೇ ಕೆತ್ತಿಕೊಳ್ಳುತ್ತಿದ್ದವನು. ಅವನು ೧೯೪೮ರಲ್ಲಿ ತೀರಿಕೊಂಡ ಮರುವರ್ಷ ಹೊರಬಿದ್ದ ಪ್ರಬಂಧಗಳಲ್ಲಿ, ಬೇಟೆಗಾರನ ಕೌಶಲದ ಸ್ಥಾನವನ್ನು ಅಂಗಡಿಯ ಉಪಕರಣಗಳು ಆಕ್ರಮಿಸುತ್ತಿವೆಯೆಂದೂ, ಬಿಲ್ಲಿನ ಚಳವಳಿಯು ಅದಕ್ಕೊಂದು ಸಣ್ಣ ಪ್ರತಿಕ್ರಿಯೆಯೆಂದೂ, ಆದರೆ ಒಟ್ಟು ಪ್ರವಾಹವು ಯಂತ್ರದ ಕಡೆಗೇ ಇದೆಯೆಂದೂ ಬರೆದಿಟ್ಟಿದ್ದಾನೆ. ಮುಂದೆ ಬಿಲ್ಲಿನೊಳಕ್ಕೇ ಯಂತ್ರವು ಹೊಕ್ಕುದನ್ನು ನೋಡಲು ಅವನು ಉಳಿಯಲಿಲ್ಲ.

ಅದು ಹೊಕ್ಕದ್ದು ಮೂರು ಮೆಟ್ಟಿಲುಗಳಲ್ಲಿ. ಮಿಸೌರಿ ಸಂಸ್ಥಾನದ ಹಾಲಿಸ್ ವಿಲ್ಬರ್ ಆಲನ್ ಎಂಬವನು ಬಿಲ್ಲಿನ ಎರಡು ತುದಿಗಳಿಗೂ ರಾಟೆಗಳನ್ನು ಕೂಡಿಸಿ, ೧೯೬೬ರಲ್ಲಿ ಅರ್ಜಿ ಹಾಕಿ, ೧೯೬೯ರಲ್ಲಿ ಹಕ್ಕುಪತ್ರವನ್ನು ಪಡೆದನು. ಇದರ ಮರ್ಮವಿಷ್ಟೆ: ಸಾಮಾನ್ಯ ಬಿಲ್ಲನ್ನು ಸೆಳೆದಷ್ಟೂ ಭಾರ ಹೆಚ್ಚುತ್ತದೆ, ರಾಟೆಯ ಬಿಲ್ಲಿನಲ್ಲಿ ಭಾರವು ನಡುವೆ ಶಿಖರಕ್ಕೇರಿ ಪೂರ್ಣವಾಗಿ ಸೆಳೆದಾಗ ಇಳಿದುಬಿಡುತ್ತದೆ. ೬೦ ಪೌಂಡಿನ ಬಿಲ್ಲನ್ನು ಸೆಳೆದು ೧೨ ಪೌಂಡನ್ನು ಹಿಡಿದುಕೊಂಡು ನಿಂತರಾಯಿತು. ಹಳಬರು ಗೊಣಗಿದರು, ಆದರೂ ಇಂದು ಅಲ್ಲಿ ಕೈಬಿಲ್ಲೆಂದರೆ ಬಹುಮಟ್ಟಿಗೆ ಇದೇ.

ಎರಡನೆಯದು ಅಡ್ಡಬಿಲ್ಲು. ಇದು ಹೊಸದೇನಲ್ಲ. ಕ್ರೈಸ್ತರ ಮೇಲೆ ಇದನ್ನು ಪ್ರಯೋಗಿಸಬಾರದೆಂದು ೧೧೩೯ರಷ್ಟು ಹಿಂದೆಯೇ ರೋಮಿನ ಲ್ಯಾಟರನ್ ಧರ್ಮಸಭೆಯು ವಿಧಿಸಿತ್ತು. ವರ್ಷಕ್ಕೆ ೧೦೦ ಪೌಂಡು ಭೂಮಿಯ ಉತ್ಪತ್ತಿಯಿಲ್ಲದವನು ಅಡ್ಡಬಿಲ್ಲನ್ನಾಗಲಿ ಕೈಕೋವಿಯನ್ನಾಗಲಿ ಇಟ್ಟುಕೊಳ್ಳಬಾರದೆಂದು ಇಂಗ್ಲೆಂಡಿನ ಎಂಟನೆಯ ಹೆನ್ರಿಯ ೧೫೪೧ರ ಶಾಸನವು ಹೇಳಿತ್ತು. ಅಭ್ಯಾಸವಿಲ್ಲದವನ ಕೈಗೂ ನಿಪುಣನ ಬಲವನ್ನು ಕೊಡುವ ಆಯುಧವನ್ನು ಕಂಡು ರಾಜ್ಯಗಳು ಅಂಜಿದ್ದು ಹಳೆಯ ಮಾತು. ಅಮೆರಿಕಾದ ಹಲವು ಸಂಸ್ಥಾನಗಳು ಮೊದಮೊದಲು ಅಂಗವಿಕಲರಿಗೆ ಮಾತ್ರ ಇದನ್ನು ಬಿಲ್ಲಿನ ಋತುವಿನಲ್ಲಿ ಅನುಗ್ರಹಿಸಿದವು, ಬಳಿಕ ಕೆಲವೆಡೆ ವೃದ್ಧರಿಗೆ, ಕಡೆಗೆ ಎಲ್ಲರಿಗೂ. ವಿಸ್ಕಾನ್ಸಿನ್ ೨೦೧೪ರಲ್ಲಿ ಎಲ್ಲರಿಗೂ ತೆರೆಯಿತು. ಐದಾರು ವರ್ಷಗಳೊಳಗಾಗಿ ಅಡ್ಡಬಿಲ್ಲಿನಿಂದ ಸತ್ತ ಜಿಂಕೆಗಳ ಲೆಕ್ಕವು ಕೈಬಿಲ್ಲಿನ ಲೆಕ್ಕವನ್ನು ಮೀರಿತು. ೧೯೩೪ರಲ್ಲಿ ಒಂದು ಜಿಂಕೆಯನ್ನು ಕೊಂದ ಋತುವು ಈಗ ವರ್ಷಕ್ಕೆ ಲಕ್ಷದ ಸಮೀಪಕ್ಕೆ ಬಂದು ನಿಂತಿದೆ.

ಮೂರನೆಯ ಮೆಟ್ಟಿಲೇ ಬಾಣಕೋವಿ. ಅದರ ಪಕ್ಷದವರು ಅಡ್ಡಬಿಲ್ಲಿನ ಹೆಗಲೇರಿಯೇ ಮಾತನಾಡುತ್ತಾರೆ: ಭುಜಕ್ಕಿಟ್ಟು, ದುರ್ಬೀನಿನಲ್ಲಿ ನೋಡಿ, ಕುದುರೆ ಎಳೆಯುವ ಅಡ್ಡಬಿಲ್ಲಿಗೆ ಒಳಗೆ ಜಾಗವಿದ್ದರೆ ಇದನ್ನೇಕೆ ಹೊರಗೆ ನಿಲ್ಲಿಸುವಿರಿ? ಪ್ರಶ್ನೆಯು ನ್ಯಾಯವಾದುದೇ, ‘ಇದು ಯಂತ್ರ’ ಎಂಬ ಒಂದೇ ಮಾತಿನಿಂದ ಅದನ್ನು ತಳ್ಳಿಬಿಡಲಾಗದು. ಬಿಲ್ಲೂ ಯಂತ್ರವೇ. ಅಗ್ನಿಪುರಾಣದ ಧನುರ್ವೇದ ಭಾಗವು ಆಯುಧಗಳನ್ನು ವಿಂಗಡಿಸುವಾಗ ಕೈಯಿಂದ ಎಸೆಯುವವನ್ನು ಪಾಣಿಮುಕ್ತವೆಂದು ಬೇರಿಟ್ಟು, ಕವಣೆಯೊಡನೆ ಬಿಲ್ಲನ್ನೂ ಯಂತ್ರಮುಕ್ತವೆಂಬ ಗುಂಪಿಗೆ ಸೇರಿಸಿದೆ. ಅಷ್ಟೇ ಅಲ್ಲ, ನಳಿಗೆಯಿಂದ ಬಾಣವನ್ನು ಹೊಡೆಯುವುದೂ ಹೊಸ ಕಲ್ಪನೆಯಲ್ಲ. ೧೪ನೆಯ ಶತಮಾನದ ಶಾರ್ಙ್ಗಧರಪದ್ಧತಿಯಲ್ಲಿ ನಾಲೀಕವೆಂಬ ಹಗುರವಾದ ಬಾಣಗಳನ್ನು ನಳಯಂತ್ರದಿಂದ ಪ್ರಯೋಗಿಸುವುದನ್ನು ಹೇಳಿದೆ. ಅದನ್ನು ವಿಧಿಸಿರುವುದು ಎತ್ತರದ ಮತ್ತು ದೂರದ ಗುರಿಗೆ, ಕೋಟೆಯ ಕಾಳಗಕ್ಕೆ. ಮೃಗಯೆಗಲ್ಲ ಎಂಬುದೂ ಗಮನಾರ್ಹ.

ಹಾಗಾದರೆ ಗೆರೆಯನ್ನು ಎಲ್ಲಿ ಎಳೆಯಬೇಕು? ತರ್ಕಶಾಸ್ತ್ರದಲ್ಲಿ ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವವೆಂದು ಮೂರು ದೋಷಗಳನ್ನು ಹೇಳುತ್ತಾರೆ. ಈ ವಿವಾದಕ್ಕೆ ಅವುಗಳಲ್ಲಿ ಮೊದಲಿನ ಎರಡು ಚೆನ್ನಾಗಿ ಹೊಂದುತ್ತವೆ. ಬಾಣದಿಂದ ಆಡುವ ಬೇಟೆಯೇ ಬಿಲ್ಲುಬೇಟೆಯೆಂದರೆ ಅತಿವ್ಯಾಪ್ತಿ: ಊದುಗೊಳವೆಯಲ್ಲಿ ಉಸಿರೂದಿ ಸಣ್ಣ ಬಾಣವನ್ನು ಹಾರಿಸುವ ಅಮೆಜಾನ್ ಕಾಡಿನವನನ್ನೂ ಬಿಲ್ಲುಗಾರನೆನ್ನಬೇಕಾಗುವುದು. ಹಾಗೆ ಯಾರೂ ಅಂದುದಿಲ್ಲ. ಬಾಣಕೋವಿಯ ನಿಜವಾದ ಜ್ಞಾತಿ ಈ ಊದುಗೊಳವೆಯೇ. ಪುಪ್ಪುಸದ ಗಾಳಿಗೆ ಬದಲು ಉಕ್ಕಿನ ಕೊಳವೆಯ ಗಾಳಿ, ಅಷ್ಟೇ ಭೇದ. ಮತ್ತೊಂದು ಕಡೆ, ಕೈಯಿಂದ ಸೆಳೆದು ಕೈಯಿಂದಲೇ ಹಿಡಿದು ಬಿಡುವುದು ಮಾತ್ರ ಬಿಲ್ಲೆಂದರೆ, ಕಾನೂನು ಈಗಾಗಲೇ ಒಳಗೆ ಬಿಟ್ಟಿರುವ ಅಡ್ಡಬಿಲ್ಲಿಗೆ ಅವ್ಯಾಪ್ತಿ. ಪೋಪ್ ಮತ್ತು ಯಂಗರ ಹೆಸರಿನಲ್ಲಿ ೧೯೬೧ರಲ್ಲಿ ಸ್ಥಾಪಿತವಾದ ಬಿಲ್ಲುಬೇಟೆಗಾರರ ಸಂಘವು ಈ ಕಟ್ಟುನಿಟ್ಟಾದ ಲಕ್ಷಣವನ್ನೇ ಹಿಡಿದು ಅಡ್ಡಬಿಲ್ಲನ್ನು ತನ್ನ ದಾಖಲೆಗಳಿಂದ ಹೊರಗಿಟ್ಟಿದೆ. ಸಂಘಕ್ಕೆ ಅದು ಶೋಭಿಸುತ್ತದೆ. ಸರ್ಕಾರಕ್ಕೆ ಅಷ್ಟು ಹಿಂದಕ್ಕೆ ಹೋಗುವುದು ಇನ್ನು ಸಾಧ್ಯವಿಲ್ಲ. ಉಳಿದಿರುವ ನೆಲೆ ಒಂದೇ: ಬಾಗಿದ ತೋಳುಗಳಲ್ಲಿ ಶೇಖರವಾದ ಬಲವನ್ನು ಹೆದೆಯ ಮೂಲಕ ಬಾಣಕ್ಕೆ ಕೊಡುವುದು ಬಿಲ್ಲು. ರಾಟೆಯ ಬಿಲ್ಲೂ ಅಡ್ಡಬಿಲ್ಲೂ ಇದರೊಳಗೆ ಬರುತ್ತವೆ, ಬಾಣಕೋವಿ ಬರಲಾರದು.

ಆ ದೇಶದ ತೆರಿಗೆಯ ಕಾನೂನು ಕೂಡ ಹೆಚ್ಚುಕಡಿಮೆ ಇದೇ ಮಾತನ್ನು ಹೇಳುತ್ತದೆ. ಕೋವಿಗಳ ಮತ್ತು ತೋಟಾಗಳ ಮೇಲಿನ ಸುಂಕವನ್ನು ವನ್ಯಮೃಗಗಳ ರಕ್ಷಣೆಗೆ ಮೀಸಲಿಟ್ಟದ್ದು ೧೯೩೭ರ ಪಿಟ್‌ಮನ್–ರಾಬರ್ಟ್‌ಸನ್ ಶಾಸನ. ೧೯೭೨ರ ತಿದ್ದುಪಡಿಯಿಂದ ಬಿಲ್ಲುಬಾಣಗಳೂ ಶೇಕಡಾ ೧೧ರ ಸುಂಕಕ್ಕೆ ಒಳಪಟ್ಟವು. ಯಾವ ಬಿಲ್ಲಿಗೆ ಸುಂಕವೆಂಬುದನ್ನು ಈಗ ಸೆಳೆತದ ಭಾರದಿಂದ, ಅಂದರೆ ೩೦ ಪೌಂಡು ಅಥವಾ ಅದಕ್ಕೆ ಮೇಲ್ಪಟ್ಟದ್ದೆಂದು, ಗೊತ್ತುಮಾಡಿದ್ದಾರೆ. ಬಾಣಕೋವಿಗೆ ಸೆಳೆತವೇ ಇಲ್ಲ. ಹಾಗೆಂದು ಕೇಂದ್ರ ಸರ್ಕಾರದ ಕಾನೂನಿನಲ್ಲಿ ಅದು ಬಂದೂಕವೂ ಅಲ್ಲ. ಏಕೆಂದರೆ ಅಲ್ಲಿ ಬಂದೂಕವೆಂದರೆ ಮದ್ದಿನ ಸ್ಫೋಟದಿಂದ ಹಾರಿಸುವುದು. ಅಂತೂ ಈ ಆಯುಧದ್ದು ತ್ರಿಶಂಕುವಿನ ಸ್ಥಿತಿ. ತ್ರಿಶಂಕುವಿಗೆ ಜಾಗ ಬೇಕೆಂಬುದು ಸರಿ. ಇನ್ನೊಬ್ಬರ ಸ್ವರ್ಗವೇ ಬೇಕೆಂಬುದು ಸರಿಯಲ್ಲ.

ಇಷ್ಟೂ ಪದಾರ್ಥನಿರ್ಣಯದ ಮಾತಾಯಿತು. ಕಾಡಿನಲ್ಲಿ ಆಗುವ ವ್ಯತ್ಯಾಸ ಇನ್ನೂ ಸ್ಪಷ್ಟ. ಬಿಲ್ಲುಗಾರನು ಮರದ ಮೇಲಿನ ಅಟ್ಟಣೆಯಲ್ಲಿ ಗಂಟೆಗಟ್ಟಲೆ ಕಾದ ಮೇಲೆ ಜಿಂಕೆಯು ೨೦ ಗಜಕ್ಕೆ ಬಂದಿದೆಯೆನ್ನಿರಿ. ಅವನ ಕಷ್ಟ ಆಗ ಆರಂಭವಾಗುತ್ತದೆ. ತೋಳನ್ನೆತ್ತಿ ಹೆದೆಯನ್ನು ಸೆಳೆಯಬೇಕು. ಆ ಚಲನೆಯನ್ನು ಜಿಂಕೆಯ ಕಣ್ಣು ತಪ್ಪದೆ ಹಿಡಿಯುತ್ತದೆ. ಬೇಗ ಸೆಳೆದರೆ ತೋಳು ನಡುಗುವವರೆಗೆ ಹಿಡಿದು ನಿಲ್ಲಬೇಕು. ತಡಮಾಡಿದರೆ ಜಿಂಕೆ ಮರೆಯಾಗುತ್ತದೆ. ಮೃಗವು ತಪ್ಪಿಸಿಕೊಳ್ಳುವುದು ಎಷ್ಟೋ ಸಲ ಈ ಒಂದೆರಡು ಕ್ಷಣಗಳಲ್ಲೇ. ೧೯೩೪ರಲ್ಲಿ ಸರ್ಕಾರವು ನೆಚ್ಚಿದ್ದು ಈ ಕ್ಷಣಗಳನ್ನೇ. ರಾಟೆಯ ಬಿಲ್ಲು ನಡುಕವನ್ನು ಕಳೆಯಿತು, ಸೆಳೆತವನ್ನು ಉಳಿಸಿತು. ಅಡ್ಡಬಿಲ್ಲು ಸೆಳೆತವನ್ನು ಮೃಗದ ಕಣ್ಣಿಂದ ಮರೆಮಾಡಿತಾದರೂ, ಒಂದು ಬಾಣ ಬಿಟ್ಟ ಮೇಲೆ ಮತ್ತೆ ಹೆದೆಯೇರಿಸುವ ಶ್ರಮವನ್ನೂ ಸದ್ದನ್ನೂ ಬೇಟೆಗಾರನಿಗೇ ಬಿಟ್ಟಿತು. ಬಾಣಕೋವಿಯಲ್ಲಿ ಅದೂ ಇಲ್ಲ. ಬಲವು ಹಿಂದಿನ ದಿನವೇ ಯಂತ್ರದಿಂದ ಕೊಳವೆಗೆ ತುಂಬಿಹೋಗಿದೆ, ಅದೂ ಎಂಟು ಬಾಣಕ್ಕಾಗುವಷ್ಟು. ಬೇಟೆಗಾರನ ಮೈಗೆ ಅದರಲ್ಲಿ ಪಾಲಿಲ್ಲ.

ಎದುರುಪಕ್ಷದ ಒಂದು ವಾದಕ್ಕೆ ಮಾತ್ರ ಬಲವಿದೆ. ೧೯೦೦ರ ಸುಮಾರಿಗೆ ದೇಶದಲ್ಲೆಲ್ಲ ಐದು ಲಕ್ಷಕ್ಕೆ ಇಳಿದಿತ್ತೆನ್ನುವ ಬಿಳಿಬಾಲದ ಜಿಂಕೆಗಳ ಸಂಖ್ಯೆಯನ್ನು ಈಗ ಮೂರು ಕೋಟಿಯ ಸುಮಾರು ಎಂದು ಅಂದಾಜು ಮಾಡುತ್ತಾರೆ. ಹೊಲಗಳಿಗೆ ಹಾನಿ, ರಸ್ತೆಗಳಲ್ಲಿ ಮೋಟಾರುಗಳಿಗೆ ಅಪಾಯ, ಬೇಟೆಗಾರರ ಸಂಖ್ಯೆಯಲ್ಲಿ ಇಳಿತ. ಹೆಚ್ಚು ಜಿಂಕೆಗಳನ್ನು ಕೊಲ್ಲುವುದೇ ಇಂದಿನ ಅಗತ್ಯವಾಗಿರುವಲ್ಲಿ ದುರ್ಬಲವಾದ ಆಯುಧವನ್ನು ಪೂಜಿಸುವುದೇಕೆ? ಇದು ನಿಜ, ಜಿಂಕೆಗಳು ನಿರ್ವಂಶವಾಗುತ್ತವೆಂದು ಹೆದರಿಸುವ ಬಿಲ್ಲುಗಾರರು ಈ ಲೆಕ್ಕವನ್ನು ನೋಡಬೇಕು. ಆದರೆ ಇದರಿಂದ ಸಿದ್ಧವಾಗುವುದು ಕೋವಿಯ ಋತುವನ್ನು ಹಿಗ್ಗಿಸಬೇಕೆಂಬುದೇ ಹೊರತು, ಬಾಣಕೋವಿಯನ್ನು ಬಿಲ್ಲೆಂದು ಕರೆಯಬೇಕೆಂಬುದಲ್ಲ. ಜಿಂಕೆಯ ಮೇಲಣ ಕಾಳಜಿಗಾಗಿ ಮಾತಿನ ಅರ್ಥವನ್ನು ಕೆಡಿಸಬೇಕಾದುದೇನೂ ಇಲ್ಲ.

ಅರ್ಥ ಕೆಟ್ಟರೆ ಏನಾಗುವುದೆಂಬುದಕ್ಕೆ ನಿದರ್ಶನವು ಪಕ್ಕದಲ್ಲೇ ಇದೆ. ಬಾಯಿಯಿಂದ ಮದ್ದು ತುಂಬುವ ಹಳೆಯ ಬಗೆಯ ಕೋವಿಗಳಿಗೂ ಹಲವು ಸಂಸ್ಥಾನಗಳು ಪ್ರತ್ಯೇಕ ಋತುಗಳನ್ನು ಕೊಟ್ಟಿದ್ದವು. ೧೯೮೫ರಲ್ಲಿ ಟೋನಿ ನೈಟನು ಮದ್ದಿನ ನೇರ ಹಿಂದೆಯೇ ಕಿಡಿ ಹೊತ್ತುವಂಥ ಕೋವಿಯನ್ನು ಮಾಡಿದನು. ಮದ್ದನ್ನು ತುಂಬುವುದು ಬಾಯಿಂದಲೇ, ಆದರೆ ಉಳಿದುದೆಲ್ಲ ಹೊಸ ಬಂದೂಕದಂತೆಯೇ. ಶಬ್ದಕ್ಕೆ ಸರಿ, ಉದ್ದೇಶಕ್ಕೆ ವಿರುದ್ಧ. ಎಷ್ಟೋ ಕಡೆ ಆ ಋತುವು ಕೋವಿಯ ಋತುವಿನ ಬಾಲವಾಗಿಬಿಟ್ಟಿತು. ಪೆನ್ಸಿಲ್ವೇನಿಯಾ ಸಂಸ್ಥಾನವು ೧೯೭೪ರಲ್ಲಿ ತನ್ನ ಋತುವನ್ನು ಏರ್ಪಡಿಸುವಾಗ ಚಕಮಕಿ ಕಲ್ಲಿನ ಕೋವಿಗೆ ಮಾತ್ರವೆಂದು ಸ್ಪಷ್ಟವಾಗಿ ಬರೆದಿತ್ತು. ಹಿಮದಲ್ಲಿ ಮದ್ದು ಒದ್ದೆಯಾಗಿ ಹೊತ್ತದೆ ಜಿಂಕೆ ಕೈಬಿಟ್ಟುಹೋಗುವ ಸಂಕಟವನ್ನು ಅಲ್ಲಿನವರು ದೂರುತ್ತಲೇ ಅನುಭವಿಸುತ್ತಾರೆ.

ಅಂಗವಿಕಲರ ಮಾತು ಬೇರೆ. ಹೆದೆಯನ್ನು ಸೆಳೆಯಲಾರದ, ಅಡ್ಡಬಿಲ್ಲಿನ ತಿರುಗಣಿಯನ್ನೂ ತಿರುಗಿಸಲಾರದ ಕೈಯವನಿಗೆ ಬಾಣಕೋವಿಯು ದೊಡ್ಡ ಉಪಕಾರ; ವೈದ್ಯನ ಪತ್ರವನ್ನು ನೋಡಿ ಅಂಥವನಿಗೆ ಬಿಲ್ಲಿನ ಋತುವಿನಲ್ಲಿಯೂ ಇದನ್ನು ಕೊಡುವುದಕ್ಕೆ ಅಡ್ಡಿಯಿರಬಾರದು. ಅವನಿಗಾಗಿ ತೆರೆದ ಬಾಗಿಲಲ್ಲಿ ಕೈಕಾಲು ಗಟ್ಟಿಯಿದ್ದವರು ನುಗ್ಗದಂತೆ ನೋಡಿಕೊಳ್ಳುವುದು ಅಧಿಕಾರಿಗಳ ಕೆಲಸ. ಅಡ್ಡಬಿಲ್ಲಿನ ವಿಷಯದಲ್ಲಿ ಆ ಬಾಗಿಲನ್ನು ಕಾಯಲಾಗಲಿಲ್ಲ.

ಟೆಕ್ಸಾಸ್ ಸಂಸ್ಥಾನವು ೨೦೧೮ರಲ್ಲಿ ಗಾಳಿಕೋವಿಯನ್ನೂ ಬಾಣಕೋವಿಯನ್ನೂ ಜಿಂಕೆಯೇ ಮೊದಲಾದ ಮೃಗಗಳ ಬೇಟೆಗೆ ಸಲ್ಲುವ ಆಯುಧಗಳೆಂದು ಒಪ್ಪಿಕೊಂಡಿತು. ಅದೇ ನಿಯಮದಲ್ಲಿ, ಬಿಲ್ಲಿಗೆ ಮಾತ್ರ ಮೀಸಲಾದ ಋತುವಿನಲ್ಲಿ ಬಾಣಕೋವಿಯು ಸಲ್ಲದೆಂದೂ ಬರೆಯಿತು. ಅಡ್ಡಬಿಲ್ಲಿಗೆ ಆ ಋತುವಿನಲ್ಲಿ ಪ್ರವೇಶವುಂಟು. ಹೆದೆಯಿಲ್ಲದ ಆಯುಧವು ಕೋವಿಯ ದಿನಗಳು ಬರುವವರೆಗೆ ಕಾಯಬೇಕು.